ಸಮುದ್ರದ ಸಂಜೀವಪ್ಪ ಕೆರೆಗೆ ಇಳಿದದ್ದು

ತಾಮ್ರದ ಟೋಪಿಯನ್ನು ಇನ್ನೂ ತಲೆಗೆ ಇಟ್ಟೇ ಇರಲಿಲ್ಲ, ಸಂಜೀವಪ್ಪನ ಮೂಗು ಆಗಲೇ ತುರಿಸತೊಡಗಿತ್ತು. ತುರಿಸಿಕೊಳ್ಳಬಹುದಿತ್ತು, ಕೈ ಎರಡೂ ಖಾಲಿಯೇ ಇದ್ದವು. ಆದರೆ ಹಲಸೂರು ಕೆರೆಯ ಮೆಟ್ಟಿಲ ಮೇಲೆ ಅರ್ಧ ಊರೇ ನೆರೆದು, ಸೀಮೆಎಣ್ಣೆ ಡಬ್ಬದ ಮೇಲೆ ಕುತ್ತಿಗೆವರೆಗೂ ರಬ್ಬರು ಬಟ್ಟೆ ತೊಟ್ಟು ಕೂತ ತನ್ನನ್ನೇ ನೋಡುತ್ತಿರುವಾಗ ಮೂಗಿಗೆ ಕೈ ಹಾಕಿದರೆ ಅದು ಹೆದರಿಕೆಯ ಲಕ್ಷಣವಾಗಿ ಕಾಣುತ್ತದೆ ಎಂದು ಅವನಿಗೆ ಅನ್ನಿಸಿತು. ಧೈರ್ಯಸ್ಥರಿಗೂ ಮೂಗು ಇರುತ್ತದಲ್ಲ, ಅವರೇನು ಮಾಡುತ್ತಾರೆ? ಬೆಳಗಿನಿಂದ ಇಂಥ ಕೆಲಸಕ್ಕೆ ಬಾರದ ಯೋಚನೆಗಳೇ. ಮಾರ್ಗಶಿರದ ಚಳಿ ಬೇರೆ. ನೀರಿನ ಮೇಲಿನ ಮಂಜು ಎದ್ದು ಹೋಗಲು ಮನಸ್ಸಿಲ್ಲದೆ ಅಲ್ಲೇ ಬಿದ್ದುಕೊಂಡಿತ್ತು. ರಸಲ್ ಮಾರ್ಕೆಟ್ಟಿನ ಹಿಂದಿನ ಗುಜರಿ ಅಂಗಡಿಯ ಜಿಯಾವುಲ್ಲಾ ಅವನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಸೀಸದ ಬೂಟಿನ ಹಗ್ಗ ಬಿಗಿಯುತ್ತಿದ್ದ.

"ಟೈಟಾಯ್ತಾ ಭಾಯ್?"

"ಆಯ್ತು."

"ಒಳಗೋಗಿ ಸತ್ತುಗಿತ್ತೋಗ್ಬೇಡ. ಮಾಲಿಗೆ ಕೆಟ್ಟೆಸ್ರು ಬರ್ತೈತೆ."

ಮೂಗಿನ ಮಾತನ್ನು ಮೊದಲು ಎತ್ತಿದವಳು ಹೆಂಡತಿ ಗಂಗಲಕ್ಷ್ಮಮ್ಮ. ಯುದ್ಧ ಮುಗಿದು, ಮಿಲಿಟರಿಯವರು ಕೈಗೊಂದು ಕಂಬಳಿ ಕೊಟ್ಟು ಮನೆಗೆ ಕಳಿಸಿದ ದಿನ, ಮಾವನ ಮನೆಯ ನಡುಮನೆಯಲ್ಲಿ ಮುದ್ದೆಯ ಮುಂದೆ ಕೂತು, ವರ್ಷಗಳಿಂದ ಕೂಡಿಟ್ಟುಕೊಂಡು ಬಂದಿದ್ದ ಸುದ್ದಿಯನ್ನು ಸಂಜೀವಪ್ಪ ಬಿಚ್ಚಿದ್ದ. ಇಟಲಿ ಎಂಬ ದೇಶ. ಅಲ್ಲಿ ಒಂದು ಪುಟ್ಟ ಬಂದರು. ಬಂದರಿನ ಬಾಯಲ್ಲೇ ಮೀನು ಹಿಡಿಯುವ ದೋಣಿಯೊಂದು ಮುಳುಗಿ ಹಡಗುಗಳಿಗೆ ಅಡ್ಡಿಯಾಗಿತ್ತು. ಕೊರೆಯುವ ಚಳಿಗಾಲದಲ್ಲಿ ತಾನು ತಾಮ್ರದ ಟೋಪಿ ಹಾಕಿಕೊಂಡು ಸಮುದ್ರದ ತಳಕ್ಕೆ ಇಳಿದು ಆ ದೋಣಿಯೊಳಗೆ ನಡೆದಾಡಿದೆ. ಇಷ್ಟು ಹೇಳಿ ಮುದ್ದೆ ಮುರಿದು, ಮನೆಯವರು ಬೆರಗಾಗಲೆಂದು ಕಾದ. ಹಲಸೂರು ಕೆರೆಯಲ್ಲಿ ಹುಟ್ಟಿನಿಂದ ಮೀನು ಹಿಡಿದು ಮುದುಕನಾದ ಮಾವ ಪಿಳ್ಳಪ್ಪ ಮಾತ್ರ ಸೊಪ್ಪಿನ ಸಾರು ಸುರಿದುಕೊಂಡು, "ಉಸ್ರು?" ಅಂದ.

"ಮೇಲಿಂದ ಪಂಪು ಹೊಡೀತಾರೆ ಮಾವ. ರಬ್ಬರ್ ಪೈಪಲ್ಲಿ ಗಾಳಿ ಬರತ್ತೆ."

"ಸೈಕಲ್ಗೆ ಹೊಡ್ದಂಗಾ?"

"ಹೆಚ್ಚುಕಮ್ಮಿ ಹಂಗೇ."

"ಹೊಟ್ಟೆ ಊದ್ಕಳಾಕಿಲ್ವಾ?"

ಆಗ ಒಲೆಯ ಪಕ್ಕದಿಂದ ಗಂಗಲಕ್ಷ್ಮಮ್ಮ, ತಮಾಷೆಗಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು: "ಆ ಟೋಪಿ ಹಾಕ್ಕಂಡಾಗ ಮೂಗು ಕೆರೆದ್ರೆ ಏನ್ ಮಾಡ್ತಿದ್ದೆ?" ಸಂಜೀವಪ್ಪ ತಬ್ಬಿಬ್ಬಾದ. ಸಮುದ್ರದ ತಳದಲ್ಲಿ ತನ್ನ ಜೊತೆಗೇ ಇದ್ದವರಿಗೆ ಬಿಟ್ಟು ಬೇರೆಯವರಿಗೆ ಹೊಳೆಯದಂಥ ಪ್ರಶ್ನೆ ಅದು. ಅದಕ್ಕೆ ಉತ್ತರ ಹೇಳಹೊರಟರೆ, ಹೇಳಬಾರದೆಂದು ತೀರ್ಮಾನಿಸಿದ್ದ ಮಿಕ್ಕಿದ್ದೂ ಅದರ ಹಿಂದೆಯೇ ಹೊರಗೆ ಬಂದುಬಿಡುತ್ತಿತ್ತು. "ಕೆರೀತಿರ್ಲಿಲ್ಲ" ಅಂದುಬಿಟ್ಟ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ ಬುಡು" ಎಂದು ಇನ್ನೊಂದು ಮುದ್ದೆ ಹಾಕಿದಳು. ಆ "ಸರಿ ಬುಡು" ಅವನಿಗೆ ಈ ಹೊತ್ತಿಗೂ ಚುಚ್ಚುತ್ತಿತ್ತು. ಊರವರು ನಂಬದಿದ್ದರೆ ಹಾಳಾಗಲಿ. ಕ್ಷೌರದ ಮುನಿಶಾಮಿಯಿಂದ ಹಿಡಿದು ಗರಡಿಮನೆಯ ಮುನಿವೆಂಕಟಪ್ಪನವರೆಗೆ ಎಲ್ಲರೂ ವಾರ ಕಳೆಯುವುದರೊಳಗೆ ಅವನಿಗೆ "ಸಮುದ್ರ" ಎಂದು ಹೆಸರಿಟ್ಟು, "ಏನ್ ಸಮುದ್ರ, ಊಟ ಆಯ್ತಾ" ಎಂದು ಕೇಳುತ್ತಿದ್ದರು. ಆದರೆ ಕೈಹಿಡಿದವಳು, ಒಂದೇ ಚಾಪೆಯ ಮೇಲೆ ಮಲಗುವವಳು, ತನ್ನ ಗಂಡ ಸುಳ್ಳ ಎಂದು ತಿಳಿದೂ ಪಾಪ ಎಂದು ಹೊಟ್ಟೆ ತುಂಬ ಬಡಿಸುತ್ತಾಳಲ್ಲ, ಅದನ್ನು ತಡೆದುಕೊಳ್ಳುವುದು ಹೇಗೆ? ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ನಂಬಿದಳು ಅಂದರೆ ಸಾಕು, ಮಿಕ್ಕ ಹಲಸೂರು ಬೇಕಾದರೆ ತನಗೆ ಇನ್ನೂ ಹತ್ತು ಹೆಸರು ಇಟ್ಟುಕೊಳ್ಳಲಿ ಎಂದು ಅವನಿಗೆ ಅನ್ನಿಸುತ್ತಿತ್ತು.

ಈಗ ಅವಳು ಮೇಲಿನ ಮೆಟ್ಟಿಲಲ್ಲಿ, ಸೆರಗನ್ನು ತಲೆಯ ಸುತ್ತ ಹೊದ್ದು ನಿಂತಿದ್ದಳು. ನೋಡಬಾರದೆಂದುಕೊಂಡೂ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ; ಅಪ್ಪನನ್ನು ನೋಡುತ್ತಿದ್ದಳು. ಅಪ್ಪ ನೀರನ್ನು ನೋಡುತ್ತಿದ್ದ. ಆ ನೀರಿನಡಿಯಲ್ಲಿ, ಮೆಟ್ಟಿಲಿನಿಂದ ಕೂಗಳತೆಯೂ ಇಲ್ಲದಷ್ಟು ಹತ್ತಿರ, ಹಿಂದೆ ಇಟ್ಟಿಗೆಯವರು ಮಣ್ಣು ತೋಡಿದ ಹಳ್ಳದಲ್ಲಿ ಪಿಳ್ಳಪ್ಪನ ದೋಣಿ ಮಲಗಿತ್ತು. ಮುಳುಗಿಸಿದವನು ಸಂಜೀವಪ್ಪನೇ. ಪಿಳ್ಳಪ್ಪ ಹಲಗೆಗಳ ಸಂದಿಗೆ ಸುಣ್ಣ, ಹರಳೆಣ್ಣೆ, ತೆಂಗಿನ ನಾರು ಕಲಸಿ ತುಂಬುತ್ತಿದ್ದ. ಅವನ ತಾತನೂ ಅದನ್ನೇ ತುಂಬಿದ್ದ. ಕೆಲಸವಿಲ್ಲದೆ ಮಾವನ ಮನೆಯಲ್ಲಿ ಕೂತು ಉಣ್ಣುವ ಅಳಿಯನಿಗೆ ಏನಾದರೂ ಮಾಡಿ ತೋರಿಸಬೇಕೆಂಬ ಚಪಲ. "ಸಮುದ್ರದಲ್ಲಿ ಯಾರು ಮಾವ ಸುಣ್ಣ ಹಾಕ್ತಾರೆ, ಡಾಂಬರು ಹಾಕ್ತಾರೆ" ಎಂದು ಒಂದು ಭಾನುವಾರ ಹಳೆಯದನ್ನೆಲ್ಲ ಕೆರೆದು, ರಸ್ತೆಯವರಿಂದ ತಂದ ಡಾಂಬರು ಕಾಯಿಸಿ ಬಳಿದ. ದೋಣಿ ಕರ್ರಗೆ ಫಳಫಳ ಹೊಳೆಯಿತು. ಚಳಿ ಬಿದ್ದ ಮೊದಲ ಬೆಳಿಗ್ಗೆ ಡಾಂಬರು ಬಿರುಕು ಬಿಟ್ಟು, ಕೆರೆಯ ನಡುವೆ ಬಲೆ ಬೀಸುತ್ತಿದ್ದ ಪಿಳ್ಳಪ್ಪನ ಕಾಲ ಕೆಳಗಿನಿಂದ ದೋಣಿ ಸದ್ದಿಲ್ಲದೆ ಇಳಿದುಹೋಯಿತು. ಮುದುಕ ಬೀಡಿ ಡಬ್ಬಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಈಜಿ ದಡ ಸೇರಿದ. ಬೈದಿದ್ದರೆ ಆಗುತ್ತಿತ್ತು. ಮನೆಗೆ ಬಂದು ಒದ್ದೆ ಪಂಚೆಯಲ್ಲೇ ಗೋಡೆಗೆ ಒರಗಿ, ಮಗಳಿಗೆ, "ನಿನ್ ಗಂಡಂಗೆ ಕಾಫಿ ಕೊಡು, ಸಮುದ್ರದಿಂದ ಬಂದವ್ನೆ" ಅಂದ. ಆಮೇಲೆ ಅಳಿಯನ ಜೊತೆ ಮಾತು ಬಿಟ್ಟ.

ದೊಡ್ಡನೆಕ್ಕುಂದಿಯಿಂದ ಬಾವಿ ಈಜುವ ಅಣ್ಣತಮ್ಮಂದಿರು ಬಂದು ಮುಳುಗಿ ಮುಳುಗಿ ನೋಡಿ, ದೋಣಿ ಮಗುಚಿಕೊಂಡು ಮೂತಿ ಕೆಸರಲ್ಲಿ ಹೂತಿದೆ, ಹಗ್ಗ ಕಟ್ಟುವಷ್ಟು ಹೊತ್ತು ಉಸಿರು ನಿಲ್ಲುವುದಿಲ್ಲ ಎಂದು ಕಿವಿಯಲ್ಲಿ ಜೊಂಡು ಸಿಕ್ಕಿಸಿಕೊಂಡು ಹೊರಟುಹೋದರು. ಆ ಸಂಜೆಯೇ ಸಂಜೀವಪ್ಪ ದಂಡು ಪ್ರದೇಶದ ಕಡೆ ಸುಮ್ಮನೆ ಅಲೆಯುತ್ತಿರುವಾಗ ಜಿಯಾವುಲ್ಲಾನ ಅಂಗಡಿಯ ಮುಂದೆ, ಮುರಿದ ಮಂಚಗಳ ನಡುವೆ ಅದನ್ನು ಕಂಡ. ತಾಮ್ರದ ತಲೆ, ಮುಖಕ್ಕೆ ಗುಂಡು ಗಾಜು. ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನೊಂದಿಗೆ ಬಂದಿತ್ತಂತೆ. ಬಟ್ಟೆ, ಬೂಟು, ಪಂಪು ಎಲ್ಲ ಇದ್ದವು. ಜಿಯಾವುಲ್ಲಾ ಟೋಪಿಯಲ್ಲಿ ಕೋಳಿಗೆ ನೀರು ಇಟ್ಟಿದ್ದ. ಸಂಜೀವಪ್ಪನಿಗೆ ಅಳು ಬರುವಂತಾಯಿತು. ಇಟಲಿಯಿಂದ ಹಿಂದೆಯೇ ನಡೆದುಕೊಂಡು ಬಂದು, ಸಾಕ್ಷಿ ಹೇಳಲು ಸಿದ್ಧವಾಗಿ, ಇಲ್ಲಿ ಕೋಳಿಗಳ ನಡುವೆ ತನಗಾಗಿ ಕಾಯುತ್ತಿದೆ! "ಇದೇನು ಗೊತ್ತಾ?" ಎಂದು ಕೇಳಿದ. "ನಂಗೊತ್ತಿಲ್ಲ, ಕೋಳೀಗ್ ಗೊತ್ತು" ಎಂದ ಜಿಯಾವುಲ್ಲಾ, ವಿಷಯ ತಿಳಿದ ಮೇಲೆ ಕಣ್ಣರಳಿಸಿ, "ಇಳಿದು ತೋರ್ಸು ಗುರು. ಎಲ್ರೂ ನೋಡ್ಲಿ. ಟೆಸ್ಟಾಗಿರೋ ಮಾಲು ಅಂತ ಬೊಂಬಾಯಿಗೆ ಮಾರ್ಬಿಡ್ತೀನಿ" ಎಂದು ಅಲ್ಲೇ ಕೋಳಿ ನೀರು ಚೆಲ್ಲಿದ.

ಹೀಗೆ ಈ ಬೆಳಗು ಬಂದಿತ್ತು. ಪಂಪಿನ ಚಕ್ರಕ್ಕೆ ಮುನಿವೆಂಕಟಪ್ಪ, ಜಿಯಾವುಲ್ಲಾ ಇಬ್ಬರೂ ನಿಲ್ಲುವುದೆಂದಾಗಿತ್ತು. ದೋಣಿಗೆ ಕಟ್ಟುವ ದಪ್ಪ ಹಗ್ಗ ಹಿಡಿಯಲು ಗರಡಿಯ ಹುಡುಗರು. ಸಂಜೀವಪ್ಪನ ನಡುವಿಗೆ ಕಟ್ಟಿದ ತೆಳು ಹಗ್ಗ, ಅಂದರೆ ಅವನ ಜೀವದ ಹಗ್ಗ, ಯಾರ ಕೈಯಲ್ಲಿ ಇರಬೇಕು ಎಂಬ ಮಾತು ಬಂದಾಗ ಗಂಗಲಕ್ಷ್ಮಮ್ಮ ಮೇಲಿನಿಂದಲೇ, "ಅಪ್ಪ ಹಿಡೀಲಿ" ಅಂದಳು. ನೀರಿನಲ್ಲಿ ಹಗ್ಗ ಆಡಿಸುವುದು ಈ ಕೆರೆಯಲ್ಲಿ ಪಿಳ್ಳಪ್ಪನಷ್ಟು ಬಲ್ಲವರು ಬೇರೆ ಇಲ್ಲ. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಮುದುಕ ಮಾತಾಡದೆ ಬಂದು ಹಗ್ಗವನ್ನು ಬೆರಳಿಗೆ ಸುತ್ತಿಕೊಂಡ.

"ಮಾವ, ಒಂದು ಸಲ ಎಳೆದ್ರೆ ಚೆನ್ನಾಗಿದೀನಿ ಅಂತ. ಬಿಡದಂಗೆ ಮೇಲಿಂದ ಮೇಲೆ ಎಳೆದ್ರೆ ಕಷ್ಟದಲ್ಲಿದೀನಿ ಅಂತ, ಕೂಡ್ಲೆ ಸೆಳ್ಕೋಬೇಕು. ಗೊತ್ತಾಯ್ತಾ?"

ಪಿಳ್ಳಪ್ಪ ಮಗಳ ಕಡೆ ತಿರುಗಿ, "ಹಗ್ಗ ಹಿಡಿಯದ್ನ ಇವ್ನು ನಂಗೆ ಹೇಳ್ಕೊಡ್ತಾನಾ ಕೇಳವ್ವ" ಅಂದ.

ಟೋಪಿ ಇಳಿಯಿತು. ಜಿಯಾವುಲ್ಲಾ ಗಾಜನ್ನು ತಿರುಗಿಸಿ ಬಿಗಿದ. ಹಲಸೂರಿನ ಸದ್ದೆಲ್ಲ ಒಮ್ಮೆಗೆ ಅಡಗಿ, ತಾಮ್ರದೊಳಗೆ ಪಂಪಿನ ಫುಸ್ ಫುಸ್ ಮಾತ್ರ ಉಳಿಯಿತು. ಒಳಗೆ ಇನ್ನೂ ಕೋಳಿಯ ವಾಸನೆ ಇತ್ತು. ಮೂಗು ಈಗ ಪೂರ್ತಿ ಉರಿಯತೊಡಗಿತು. ಅಯ್ಯೋ ಶಿವನೇ, ಆಗಲೇ ಕೆರೆದುಕೊಳ್ಳಬಾರದಿತ್ತೇ, ಯಾವ ಮಾನ ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಳ್ಳುತ್ತ, ಸೀಸದ ಕಾಲುಗಳನ್ನು ಒಂದೊಂದಾಗಿ ಎತ್ತಿಡುತ್ತ ಮೆಟ್ಟಿಲಿಳಿದು, ಹೊಟ್ಟೆ, ಎದೆ, ಗಾಜು, ಹೀಗೆ ನೀರಿಗೆ ಒಪ್ಪಿಸಿಕೊಂಡ. ಗಾಜಿನಲ್ಲಿ ಕೊನೆಗೆ ಕಂಡದ್ದು ಮುನಿವೆಂಕಟಪ್ಪನ ತೆರೆದ ಬಾಯಿ. ಅದೊಂದು ಸಮಾಧಾನ.

ಕೆಳಗೆ ಏನೂ ಇರಲಿಲ್ಲ. ಅಂದರೆ, ಕಾಣುವಂಥದ್ದು ಏನೂ ಇರಲಿಲ್ಲ. ಇಟಲಿಯ ಆ ಸಮುದ್ರದಲ್ಲಿ, ಅದು ಎಷ್ಟೇ ಕೊರೆಯಲಿ, ಬೆಳಕಿತ್ತು. ಹಸಿರು ಬೆಳಕಿನಲ್ಲಿ ದೋಣಿ ಒಂದು ಬದಿಗೆ ವಾಲಿ ಮಲಗಿತ್ತು, ಬಣ್ಣ ಕೂಡ ಹೋಗಿರಲಿಲ್ಲ, ಒಲೆಯ ಮೇಲೆ ಕಾಫಿಯ ಕೆಟಲು ಇಟ್ಟ ಹಾಗೇ ಕೂತಿತ್ತು. ಇಲ್ಲಿ ರಾಗಿ ಅಂಬಲಿಯೊಳಗೆ ಕಣ್ಣು ಬಿಟ್ಟಂತಿತ್ತು. ಕೆಸರು ಮೊಣಕಾಲವರೆಗೆ ಹಿಡಿದು ಬಿಡುತ್ತಿತ್ತು. ದಪ್ಪ ಹಗ್ಗದ ತುದಿಯನ್ನು ಹೆಗಲಿಗೆ ಸುತ್ತಿಕೊಂಡಿದ್ದ ಸಂಜೀವಪ್ಪ ಕೈ ಚಾಚಿ ತಡವುತ್ತ ನಡೆದ. ಮೇಲಿನಿಂದ ಹಗ್ಗ ಒಮ್ಮೆ ಜಗ್ಗಿತು: ಹೇಗಿದ್ದೀಯ? ಅವನೂ ಒಮ್ಮೆ ಜಗ್ಗಿದ: ಚೆನ್ನಾಗಿದ್ದೇನೆ. ದೋಣಿ ಮುಳುಗಿದಂದಿನಿಂದ ಮಾವನೂ ತಾನೂ ಆಡಿಕೊಂಡ ಮೊದಲ ಮಾತು ಇದು ಎಂದು ಹೊಳೆದು, ಕೆಸರಿನ ನಡುವೆಯೂ ಅವನಿಗೆ ಸಂತೋಷವಾಯಿತು. ಕೈಗೆ ಹಲಗೆ ಸಿಕ್ಕಿತು. ಡಾಂಬರು! ತನ್ನ ಕೈಯಾರೆ ಬಳಿದದ್ದು, ಬೆರಳಿಗೆ ಹೆಕ್ಕಳೆ ಹೆಕ್ಕಳೆಯಾಗಿ ಬಂತು. ನಾಚಿಕೆಯಿಂದ ಅವನು ಅದನ್ನು ಸವರಿದ. ಆಮೇಲೆ ಮಂಡಿಯೂರಿ, ಮೂತಿಯ ಕೆಳಗಿನ ಕೆಸರನ್ನು ಬಾಚಿ ಬಾಚಿ ತೆಗೆದು, ಅಡ್ಡಹಲಗೆಯನ್ನು ತಡವಿ ಹಿಡಿದು, ದಪ್ಪ ಹಗ್ಗವನ್ನು ಒಳಗೆ ತೂರಿಸಿ ಸುತ್ತಿ ಮಿಲಿಟರಿ ಗಂಟು ಹಾಕಿದ. ಕೆಲಸ ಆಯಿತು. ಇಷ್ಟು ಸಲೀಸಾಗಿ ಆಯಿತೇ ಎಂದು ಅವನಿಗೇ ಆಶ್ಚರ್ಯ.

ಆಗ ಅವನ ಕುತ್ತಿಗೆಯ ಹಿಂದೆ ಏನೋ ಒರಗಿತು. ಮೆತ್ತಗೆ ಇತ್ತು. ಒಂದು ಕೈ ಹೆಗಲ ಮೇಲಿಂದ ನಿಧಾನವಾಗಿ ಮುಂದೆ ಬಂದು ಗಾಜನ್ನು ಸವರಿತು. ಪಿಳ್ಳಪ್ಪನ ಬಲೆಯ ಒಂದು ತುದಿಯೋ, ಜೊಂಡೋ ಇರಬೇಕು. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಉಪಯೋಗವಾಗಲಿಲ್ಲ. ಏಕೆಂದರೆ ಇಟಲಿಯ ಆ ದೋಣಿಯಲ್ಲಿ, ಕೆಟಲಿನ ಆಚೆ, ಪುಟ್ಟ ಬಾಗಿಲಿನೊಳಗೆ ಒಬ್ಬ ನಿಂತಿದ್ದ. ಸಂಜೀವಪ್ಪ ಬಾಗಿಲು ತಳ್ಳಿದೊಡನೆ ಅವನು ತೋಳೆತ್ತಿ, ಬಾ ಎಂದು ಕರೆದ. ಸಂಜೀವಪ್ಪ ಟೋಪಿಯೊಳಗೆ ಕಿರುಚಿದ, ಕಿರುಚಿದ್ದು ತಾಮ್ರಕ್ಕೆ ಬಡಿದು ಅವನ ಕಿವಿಗೇ ವಾಪಸು ಬಂತು. ಆ ಕೊರೆಯುವ ನೀರಿನಲ್ಲಿ ಕಾಲಿನ ಉದ್ದಕ್ಕೂ ಬೆಚ್ಚಗೆ ಇಳಿಯಿತು. ಹಗ್ಗವನ್ನು ಹುಚ್ಚುಹಿಡಿದವನಂತೆ ಎಳೆದ. ಮೇಲಿದ್ದ ಸಾರ್ಜೆಂಟು ಅವನನ್ನು ಸೆಳೆದುಕೊಂಡು ತಾನೇ ಒಳಗೆ ಇಳಿದು ನೋಡಿ ಬಂದ. ಅದು ಒಂದು ಕೋಟು. ಮೊಳೆಗೆ ನೇತುಹಾಕಿದ್ದು. ನೀರು ಅಲುಗಿದಾಗ ತೋಳು ಏಳುತ್ತಿತ್ತು. ಅಂದಿನಿಂದ ಮನೆಗೆ ಹೊರಡುವವರೆಗೆ ಇಡೀ ತುಕಡಿ ಅವನನ್ನು "ಮಿಸ್ಟರ್ ಕೋಟ್" ಎಂದೇ ಕರೆಯಿತು; ಊಟದ ಸಾಲಿನಲ್ಲಿ ಹಿಂದೆ ನಿಂತವರು ತೋಳೆತ್ತಿ ತೋರಿಸುತ್ತಿದ್ದರು. ಹಲಸೂರಿಗೆ ತಂದ ಕಥೆಯಲ್ಲಿ ಕೆಟಲು ಇತ್ತು, ಚಳಿ ಇತ್ತು, ಕೋಟು ಇರಲಿಲ್ಲ.

ಈಗ ಕೆರೆಯ ತಳದಲ್ಲೂ ಅವನು ಹಗ್ಗ ಎಳೆದ. ಎಳೆಯಬಾರದು, ಇದು ಬಲೆ, ಬರೀ ಬಲೆ ಎಂದು ಹೇಳಿಕೊಳ್ಳುತ್ತಲೇ ಎಳೆದ. ಮೇಲಿಂದ ಮೇಲೆ ಎಳೆದ. ಹಗ್ಗ ಬಿಗಿಯಾಗುವ ಬದಲು ಸಡಿಲವಾಯಿತು. ಇನ್ನೂ ಜೋರಾಗಿ ಎಳೆದ, ಇನ್ನೂ ಸಡಿಲ. ಎಳೆದಷ್ಟೂ ಹಗ್ಗ ಧಾರಾಳವಾಗಿ ಇಳಿದು ಬಂದು ಅವನ ಟೋಪಿಯ ಮೇಲೆ, ಹೆಗಲ ಮೇಲೆ ಸುರುಳಿ ಸುರುಳಿಯಾಗಿ ಬೀಳತೊಡಗಿತು. ಬಿಟ್ಟುಬಿಟ್ಟ, ಮುದುಕ ನನ್ನನ್ನು ಬಿಟ್ಟುಬಿಟ್ಟ, ಡಾಂಬರಿನ ಸೇಡು ತೀರಿಸಿಕೊಂಡ ಎಂದು ಅವನಿಗೆ ಖಾತ್ರಿಯಾಯಿತು. "ಮಾವಾ!" ಎಂದು ಕೂಗಿದ. "ಅಮ್ಮಾ!" ಎಂದು ಕೂಗಿದ. ಕಾಲಿನ ಉದ್ದಕ್ಕೂ ಬೆಚ್ಚಗಾಯಿತು. ಥೂ, ಇಲ್ಲೂ. ಹೆಂಡತಿ ಮೇಲೆ ನಿಂತಿದ್ದಾಳೆ, ಊರು ಮೇಲೆ ನಿಂತಿದೆ, ತಾನು ಮಾವನ ಕೆರೆಯಲ್ಲಿ ಒಂದು ಬಲೆಗೆ ಹೆದರಿ ಹೀಗೆ ಆಗಿಹೋದೆನಲ್ಲ. ಅಳುತ್ತಲೇ ಅವನ ಕೈ ಗಾಳಿಯ ಪೈಪಿಗೆ ತಗುಲಿತು. ಪೈಪಿನ ಇನ್ನೊಂದು ತುದಿ ಪಂಪಿನಲ್ಲಿದೆ, ಪಂಪು ಮೆಟ್ಟಿಲ ಮೇಲಿದೆ. ಅದನ್ನು ತಡವುತ್ತ, ಹಗ್ಗದ ಗೋಜನ್ನೆಲ್ಲ ಎಳೆದುಕೊಂಡು ಸಂಜೀವಪ್ಪ ನಡೆದ. ಮೊದಲ ಕಲ್ಲುಮೆಟ್ಟಿಲು ಬೂಟಿಗೆ ಬಡಿದಾಗ ಅದಕ್ಕೆ ಕೈಮುಗಿಯುವಷ್ಟಾಯಿತು.

ನೀರಿನಿಂದ ತಾಮ್ರದ ತಲೆ ಎದ್ದಾಗ ಜನ ಕೇಕೆ ಹಾಕಿದ್ದು ಅವನಿಗೆ ಕೇಳಿಸಲಿಲ್ಲ. ಎದೆಯವರೆಗೂ ಹೊರಬಂದ, ನೀರು ಬಿಟ್ಟೊಡನೆ ಸೀಸ ಮತ್ತೆ ಸೀಸವಾಯಿತು, ಇನ್ನೆರಡು ಮೆಟ್ಟಿಲು ಹತ್ತಿ ಮುಗ್ಗರಿಸಿ, ಅಂಬೆಗಾಲಲ್ಲಿ, ಎರಡೂ ಕೈ ಕಲ್ಲಿಗೆ ಊರಿ ನಿಂತುಬಿಟ್ಟ. ಒಂದು ಕೈ ಎತ್ತಿದರೂ ಮುಖಕ್ಕೇ ಬೀಳುವಂತಿತ್ತು. ಯಾರಾದರೂ ಬಂದು ಗಾಜು ಬಿಚ್ಚಲಿ ಎಂದು ಕಾದ. ಯಾರೂ ಬರಲಿಲ್ಲ. ಅಷ್ಟು ಹೊತ್ತಿಗೆ ಗರಡಿಯ ಹುಡುಗರು ದಪ್ಪ ಹಗ್ಗ ಎಳೆಯಲು ಶುರುಮಾಡಿ, ದೂರದ ನೀರು ಉಬ್ಬಿ, ದೋಣಿಯ ಕಪ್ಪು ಮೂತಿ ಹೊರಗೆ ಬಂದಿತ್ತು. ಊರೆಲ್ಲ "ಐಸಾ" ಎಂದು ಅತ್ತ ಓಡಿತ್ತು. ಪಂಪಿನ ಬಳಿ ಜಿಯಾವುಲ್ಲಾ ಒಬ್ಬನೇ ಬೆವರು ಸುರಿಸುತ್ತ ಚಕ್ರ ತಿರುಗಿಸುತ್ತಿದ್ದ.

ಟಕ್, ಟಕ್. ಯಾರೋ ಟೋಪಿಯ ಮೇಲೆ ಬೆರಳ ಗೆಣ್ಣಿನಿಂದ ಬಡಿದರು. ಗಾಜಿನಾಚೆ ಗಂಗಲಕ್ಷ್ಮಮ್ಮನ ಮುಖ ಬಗ್ಗಿ ಬಂತು. ಜಿಯಾವುಲ್ಲಾ ಗಾಜು ತಿರುಗಿಸಿದ್ದನ್ನು ಆಗಲೇ ನೋಡಿಕೊಂಡಿದ್ದಳು. ಸೆರಗಿನಿಂದ ಹಿಡಿದು ಬಿಚ್ಚಿದಳು. ತಣ್ಣನೆಯ ಗಾಳಿಯ ಜೊತೆ ಪಿಳ್ಳಪ್ಪನ ಕೂಗೂ ಒಳಗೆ ನುಗ್ಗಿತು. ಮುದುಕ ಮೇಲಿನ ಮೆಟ್ಟಿಲಲ್ಲಿ ನಿಂತು ಮುನಿವೆಂಕಟಪ್ಪನಿಗೆ ವಿವರಿಸುತ್ತಿದ್ದ.

"ಅಬ್ಬಬ್ಬಾ, ಏನ್ ಜಗ್ಗಿದ ಅಂತೀಯ! ಬಿರ್ರನೆ ಸೆಳೆದ್ರೆ ಹಗ್ಗ ಕಿತ್ತೋಯ್ತದೆ. ದೊಡ್ಡ ಮೀನು ಜಗ್ಗಿದಾಗ ಎಳೀಬಾರ್ದು ಕಣಪ್ಪ, ಬುಡ್ಬೇಕು. ಬುಟ್ಟೆ. ಆಡ್ಲಿ ಅಂತ ಬುಟ್ಟೆ. ಸುಸ್ತಾಗಿ ತಾನೇ ದಡಕ್ಕೆ ಬಂದ ನೋಡು!"

"ಮಾವ ಸೇಡಿಗೆ ಅಂತ ಬಿಡ್ಲಿಲ್ವಾ?" ಎಂದು ಸಂಜೀವಪ್ಪ ಟೋಪಿಯೊಳಗಿನಿಂದ ಕೇಳಿದ. ಹಲ್ಲು ಕಟಕಟ ಅನ್ನುತ್ತಿತ್ತು.

"ಯಾವ್ ಸೇಡು? ಐವತ್ತು ವರ್ಷದ ಕೈ ಅದು, ಎಳೆದ್ರೆ ಬುಡ್ತದೆ" ಎಂದಳು. "ಅತ್ತಿದೀಯಾ?"

"ಇಲ್ಲ. ನೀರು."

"ಗಾಜು ಮುಚ್ಚಿತ್ತು, ನೀರೆಲ್ಲಿಂದ ಬಂತು?"

ಅತ್ತ ಮುನಿವೆಂಕಟಪ್ಪ ದೊಡ್ಡ ದನಿಯಲ್ಲಿ, "ಕೆರೇಲಿ ಇಳಿದ, ಸರಿ, ಒಪ್ಕಂತೀನಿ. ಕೆರೇಲಿ ಇಳಿದ್ರೆ ಸಮುದ್ರದಲ್ಲಿ ಇಳಿದಂಗಾಯ್ತಾ?" ಎನ್ನುತ್ತಿದ್ದ, ನಾಲ್ಕಾರು ಜನ ಅಲ್ಲವೇ ಮತ್ತೆ ಎಂದು ತಲೆಯಾಡಿಸುತ್ತಿದ್ದರು. ಸಂಜೀವಪ್ಪನಿಗೆ ಇದ್ದಬದ್ದ ಉಸಿರೂ ಹೋದಂತಾಯಿತು. ಅದೂ ನಿಜವೇ. ಇಷ್ಟೆಲ್ಲ ಮಾಡಿ ಸಾಬೀತಾದದ್ದು ಹಲಸೂರು ಕೆರೆ ಮಾತ್ರ.

ಗಂಗಲಕ್ಷ್ಮಮ್ಮ ಅತ್ತ ಕಿವಿಗೊಡಲಿಲ್ಲ. ಗಾಜಿಲ್ಲದ ಕಿಂಡಿಯ ಹತ್ತಿರಕ್ಕೆ ಮುಖ ತಂದು, ಬೇರೆಯವರಿಗೆ ಕೇಳದಂತೆ, "ಅಲ್ಲೂ ಹಿಂಗೇ ಹೆದ್ರಿದ್ಯಾ?" ಎಂದು ಕೇಳಿದಳು.

ಇಲ್ಲ ಎನ್ನಲು ಬಾಯಿ ತೆರೆದ. ಬಟ್ಟೆಯೊಳಗೆ ಆದದ್ದು ಈಗ ತಣ್ಣಗಾಗತೊಡಗಿತ್ತು, ಬೆನ್ನ ಮೇಲೆ ಮಾವನ ಹಗ್ಗವೆಲ್ಲ ಸುತ್ತಿಕೊಂಡಿತ್ತು. ಈ ಅವತಾರದಲ್ಲಿ ಸುಳ್ಳು ಹೇಳಿ ಯಾವ ಪುರುಷಾರ್ಥ.

"ಅಲ್ಲಿ ಇನ್ನೂ ಜಾಸ್ತಿ" ಎಂದ. "ಒಂದು ಕೋಟು ನೋಡಿ ಹೆದರಿದೆ ಗಂಗಾ. ಮೊಳೆಗೆ ನೇತಾಕಿದ್ರು. ತೋಳು ಎತ್ತಿ ಕರೀತು. ಕಿರುಚ್ಕೊಂಡು ಮೇಲಕ್ಕೆ ಬಂದ್ಬಿಟ್ಟೆ. ಬಟ್ಟೇಲೇ..."

"ಬಟ್ಟೇಲೇ?"

"ಹೂಂ."

ಅವಳು ನಗುತ್ತಾಳೆಂದು ಕಣ್ಣು ಮುಚ್ಚಿಕೊಂಡ. ಊಟದ ಸಾಲಿನಲ್ಲಿ ಎಲ್ಲರೂ ನಕ್ಕಿದ್ದರು. ಅವಳು ನಗಲಿಲ್ಲ. ಏನನ್ನೋ ಕೂಡಿಸಿ ನೋಡುವವಳಂತೆ ಬೆರಳು ಮಡಚಿದಳು.

"ಹಂಗಾದ್ರೆ ನಿಜವಾಗ್ಲೂ ಇಳಿದಿದ್ದೆ ನೀನು" ಎಂದಳು. "ಕೋಟು ಅಂತೆ! ಬಡಾಯಿ ಕೊಚ್ಕಳೋನು ತಿಮಿಂಗಿಲ ಅಂತಾನೆ, ದೆವ್ವ ಅಂತಾನೆ, ಕೋಟು ಅಂತ ಯಾವನ್ ಹೇಳ್ತಾನೆ? ಇದ್ನ ಅವತ್ತೇ ಹೇಳಿದ್ರೆ ನಂಬ್ಬುಡ್ತಿದ್ನಲ್ಲ ಮಾರಾಯ. ಕೆರೇಗ್ಯಾಕೆ ಬೀಳ್ಬೇಕಿತ್ತು?"

ಸಂಜೀವಪ್ಪ ಟೋಪಿಯೊಳಗೆ ಬಿಕ್ಕಿ ಬಿಕ್ಕಿ ಅತ್ತ. ಈ ಸಲ ನೀರು ಎನ್ನಲಿಲ್ಲ. ಅತ್ತ ದೋಣಿ ದಡಕ್ಕೆ ಬಂದು ಬಿದ್ದ ಸದ್ದಿಗೆ ಊರೆಲ್ಲ ಹೋ ಎಂದಿತು.

"ಮೂಗೂ ಕೆರೀತಿತ್ತಾ?"

"ಸಾಯೋಷ್ಟು" ಎಂದ. "ಅಲ್ಲೂ. ಈಗ್ಲೂ."

ಗಂಗಲಕ್ಷ್ಮಮ್ಮ ಒಮ್ಮೆ ಹಿಂತಿರುಗಿ ನೋಡಿದಳು. ಯಾರೂ ಇತ್ತ ನೋಡುತ್ತಿರಲಿಲ್ಲ. ಬಳೆಯನ್ನು ಮೇಲಕ್ಕೆ ಸರಿಸಿ ಕಿಂಡಿಯೊಳಗೆ ಕೈ ತೂರಿಸಿ, "ಎಲ್ಲಿ, ಇಲ್ಲಾ?" ಎಂದು ಅವನ ಮೂಗು ಕೆರೆದಳು.

"ಸ್ವಲ್ಪ ಬಲಕ್ಕೆ" ಎಂದ ಸಂಜೀವಪ್ಪ.